ಕುಂಕುಮ–ಭಂಡಾರದ ಪರೀಕ್ಷೆ, ಸ್ಥಳೀಯ ತಯಾರಿಕೆಗೆ ನೆರವು ಹಾಗೂ ಸ್ಯಾಚೆ ಕಸದ ಹೊಣೆ ಕೋರಿ ಮನವಿ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಬೆಳಗಾವಿ ಜಿಲ್ಲೆ, ಬೆಳಗಾವಿ.

ಮುಖಾಂತರ: ತಹಶೀಲ್ದಾರರು, ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ.

ವಿಷಯ: ಕಾಂತಿವರ್ಧಕಗಳ ತಯಾರಿಕೆ, ಮಾರಾಟ ಮತ್ತು ವಿಲೇವಾರಿಯಲ್ಲಿ ಈಗಾಗಲೇ ಇರುವ ಕಾನೂನನ್ನು ಮೂರು ತಾಲೂಕುಗಳಲ್ಲಿ ಜಾರಿಗೊಳಿಸುವ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಅರಿಶಿನ ಬೆಳೆಗಾರರು, ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರು ಹಾಗೂ ಬಳಕೆದಾರರು ಈ ಮನವಿಯನ್ನು ಸಲ್ಲಿಸುತ್ತಿದ್ದಾರೆ. ಈ ಭಾಗದಲ್ಲಿ ಬೆಳೆದ ಅರಿಶಿನವು ಕುದಿದು, ಒಣಗಿ, ಪಾಲಿಶ್ ಆಗಿ ಹೆಚ್ಚಾಗಿ ಸಾಂಗ್ಲಿಯ ಪೇಟೆಗೆ ಹೋಗುತ್ತದೆ. ಅದೇ ಭಾಗದ ಸಂತೆಗಳಿಗೆ ಎಲ್ಲಿ, ಯಾವುದರಿಂದ ತಯಾರಾಯಿತೆಂದು ತಿಳಿಯದ ಕುಂಕುಮ, ಹೆಸರು ವಿಳಾಸವಿಲ್ಲದ ಮುಖದ ಕ್ರೀಮು ಮತ್ತು ಶ್ಯಾಂಪೂ ಸ್ಯಾಚೆಗಳು ಬರುತ್ತವೆ. ಸುಸ್ಥಿರತೆ ಎಂದರೆ ಒಂದು ವಸ್ತುವಿನ ಕಚ್ಚಾ ಪದಾರ್ಥದಿಂದ ಹಿಡಿದು ಅದರ ಖಾಲಿ ಹೊದಿಕೆಯವರೆಗೆ ಭೂಮಿಗೂ ದೇಹಕ್ಕೂ ಹಾನಿಯಾಗದಂತೆ ನಡೆಯುವ ವ್ಯವಹಾರ ಎಂದಾದರೆ, ಈ ವ್ಯಾಪಾರದ ಎರಡೂ ತುದಿಗಳಲ್ಲಿ ನಷ್ಟ ಅನುಭವಿಸುತ್ತಿರುವವರು ಇಲ್ಲಿನ ಜನರೇ ಆಗಿದ್ದಾರೆ.

ಕುಂಕುಮದ ಸ್ಥಿತಿ

ಅರಿಶಿನದ ಕೊಂಬುಗಳನ್ನು ಬಿಳಿಗಾರ, ಅಂದರೆ ಬೋರಾಕ್ಸ್, ಮತ್ತು ಪಟಿಕ ಬೆರೆಸಿದ ನಿಂಬೆರಸದಲ್ಲಿ ನೆನೆಹಾಕಿ, ನೆರಳಿನಲ್ಲಿ ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಸೋಸುವುದು ಕುಂಕುಮ ಮಾಡುವ ಸಾಂಪ್ರದಾಯಿಕ ಕ್ರಮವಾಗಿದ್ದು, ಅರಿಶಿನದ ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಎಂಬ ದ್ರವ್ಯವೇ ಈ ಕ್ರಿಯೆಯಲ್ಲಿ ಕೆಂಪಾಗುತ್ತದೆ. ಹೊರಗಿನ ಬಣ್ಣ ಬೇಕಾಗುವುದಿಲ್ಲ. ಅಗ್ಗದ ಕುಂಕುಮದಲ್ಲಾದರೋ ಪಿಷ್ಟದ ಪುಡಿಗೆ ಕೃತಕ ಬಣ್ಣ ಹಚ್ಚುವುದೂ, ಕೆಲವೆಡೆ ಸೀಸದ ಸಂಯುಕ್ತಗಳು ಸೇರುವುದೂ ಉಂಟು. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾರತದಿಂದ ಸಂಗ್ರಹಿಸಿದ ಸಿಂಧೂರದ ಮಾದರಿಗಳ ಪೈಕಿ ಶೇ. 78ರಲ್ಲಿ ಪ್ರತಿ ಗ್ರಾಂಗೆ ಕನಿಷ್ಠ 1 ಮೈಕ್ರೊಗ್ರಾಂ ಸೀಸ ಕಂಡುಬಂದಿತ್ತು. ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುವ ಲೋಹವಾಗಿದ್ದು, ಅದಕ್ಕೆ ಸುರಕ್ಷಿತ ಮಿತಿ ಎಂಬುದಿಲ್ಲ.

ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, 1940ರ ಪ್ರಕಾರ ಅಂದ ಹೆಚ್ಚಿಸಲು ದೇಹಕ್ಕೆ ಹಚ್ಚುವ, ಸವರುವ, ಚಿಮುಕಿಸುವ ಪದಾರ್ಥವೆಲ್ಲ ಕಾಂತಿವರ್ಧಕವೇ ಆಗಿದ್ದು, 2020ರ ಕಾಂತಿವರ್ಧಕ ನಿಯಮಗಳು ಭಾರತೀಯ ಮಾನಕಕ್ಕೆ ಒಳಪಡಬೇಕಾದ ವಸ್ತುಗಳ ಪಟ್ಟಿಯಲ್ಲಿ ಕುಂಕುಮದ ಪುಡಿಯನ್ನು ಹೆಸರಿಸಿಯೇ ಸೇರಿಸಿವೆ. ಆದರೆ ಕಾಂತಿವರ್ಧಕಗಳ ಚಿಲ್ಲರೆ ಮಾರಾಟಕ್ಕೆ ಔಷಧ ಅಂಗಡಿಗಳಂತೆ ಪರವಾನಗಿ ಬೇಕಾಗಿಲ್ಲದ ಕಾರಣ, ಕಿರಾಣಿ ಅಂಗಡಿ, ಫ್ಯಾನ್ಸಿ ಸ್ಟೋರ್ ಮತ್ತು ಜಾತ್ರೆಯ ಅಂಗಡಿಗಳು ಔಷಧ ಪರಿವೀಕ್ಷಕರ ನಿತ್ಯದ ತಪಾಸಣೆಯಿಂದ ಹೊರಗುಳಿಯುತ್ತವೆ.

ಭಂಡಾರ ಎಂದು ಕರೆಯಲಾಗುವ ಅರಿಶಿನ ಪುಡಿಯ ವಿಷಯ ಇನ್ನೂ ತೊಡಕಿನದು. ಗೋಕಾಕದ ಗ್ರಾಮದೇವತೆಯರ ಜಾತ್ರೆ, ಚಿಂಚಲಿ ಮಾಯಕ್ಕನ ಜಾತ್ರೆಗಳಲ್ಲಿ ಇದನ್ನು ಹಣೆಗೆ ಹಚ್ಚುವುದಲ್ಲದೆ ಗಾಳಿಗೆ ಹಾರಿಸುವುದರಿಂದ ಅದು ಕಣ್ಣು, ಬಾಯಿ, ಉಸಿರಿನೊಳಗೂ ಸೇರುತ್ತದೆ. ಪೊಟ್ಟಣದ ಮೇಲೆ ‘ಪೂಜೆಗೆ ಮಾತ್ರ’ ಎಂಬ ಎರಡು ಪದಗಳನ್ನು ಮುದ್ರಿಸಿದ ಮಾತ್ರಕ್ಕೆ ಅದು ಆಹಾರದ ಪರೀಕ್ಷೆಯಿಂದಲೂ ಕಾಂತಿವರ್ಧಕದ ಪರೀಕ್ಷೆಯಿಂದಲೂ ತಪ್ಪಿಸಿಕೊಳ್ಳುವಂತಾಗಬಾರದು. ಬಾಂಗ್ಲಾದೇಶದಲ್ಲಿ 2019ರಲ್ಲಿ ಪೇಟೆಯ ಅರಿಶಿನ ಮಾದರಿಗಳ ಶೇ. 47ರಲ್ಲಿ ಸೀಸ ಪತ್ತೆಯಾಗಿದ್ದು, ಸರ್ಕಾರವು ದಾಳಿ, ದಂಡ ಮತ್ತು ಪ್ರಚಾರವನ್ನು ಒಟ್ಟಿಗೆ ಕೈಗೊಂಡ ಬಳಿಕ 2021ರ ಹೊತ್ತಿಗೆ ಅದು ಸೊನ್ನೆಗೆ ಇಳಿಯಿತು. ಆಡಳಿತ ಮನಸ್ಸು ಮಾಡಿದರೆ ಎರಡೇ ವರ್ಷಗಳಲ್ಲಿ ಪೇಟೆ ಶುದ್ಧವಾಗಬಲ್ಲದೆಂಬುದಕ್ಕೆ ಇದು ಆಧಾರವಾಗಿದೆ.

ಸ್ಯಾಚೆ ಕಸದ ಸ್ಥಿತಿ

ಶ್ಯಾಂಪೂ, ಕ್ರೀಮುಗಳ ಸ್ಯಾಚೆಯು ಬೇರೆ ಬೇರೆ ಬಗೆಯ ಪ್ಲಾಸ್ಟಿಕ್ ಪದರಗಳನ್ನು, ಹಲವು ವೇಳೆ ಅಲ್ಯುಮಿನಿಯಂ ಹಾಳೆಯನ್ನೂ ಸೇರಿಸಿ ಅಂಟಿಸಿದ ಹೊದಿಕೆಯಾಗಿದ್ದು, ಆ ಪದರಗಳನ್ನು ಬಿಡಿಸುವುದು ಕಷ್ಟವಾದ್ದರಿಂದ ಗುಜರಿಯವರೂ ಅದನ್ನು ಕೊಳ್ಳುವುದಿಲ್ಲ. ಹಾಗೆ ಉಳಿದದ್ದು ಹಳ್ಳ, ಕಾಲುವೆಗಳ ಮೂಲಕ ಘಟಪ್ರಭೆಯನ್ನು ಸೇರುತ್ತದೆ. ಅದೇ ನದಿಯ ಧೂಪದಾಳದ ಹಿನ್ನೀರು 1974ರಲ್ಲಿ ಘೋಷಿತವಾದ ಪಕ್ಷಿಧಾಮದ ಆಸರೆಯಾಗಿದೆ. ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು, 2016 ಗ್ರಾಮ ಪಂಚಾಯಿತಿಗಳಿಗೂ ಅನ್ವಯಿಸುತ್ತವೆ. 2022ರ ತಿದ್ದುಪಡಿಯು ಉತ್ಪಾದಕರ ವಿಸ್ತೃತ ಹೊಣೆಗಾರಿಕೆಯನ್ನು, ಎಂದರೆ ಹೊದಿಕೆಯನ್ನು ಪೇಟೆಗೆ ಬಿಟ್ಟ ಕಂಪನಿಯೇ ಅದರ ಸಂಗ್ರಹ ಮತ್ತು ವಿಲೇವಾರಿಗೆ ಹೊಣೆಯಾಗಬೇಕೆಂಬ ತತ್ತ್ವವನ್ನು, ವಾರ್ಷಿಕ ಗುರಿಗಳೊಂದಿಗೆ ವಿಧಿಸಿದೆ. ಆ ಗುರಿ ದೊಡ್ಡ ನಗರಗಳ ಕಸದಿಂದಲೇ ತುಂಬಿಹೋದರೆ ಹಳ್ಳಿಯ ಸಂತೆಯ ಸ್ಯಾಚೆಗೆ ವಾರಸುದಾರರೇ ಇಲ್ಲದಂತಾಗುತ್ತದೆ.

ಬೇಡಿಕೆಗಳು

1. ಮೂರೂ ತಾಲೂಕುಗಳ ವಾರದ ಸಂತೆ ಹಾಗೂ ಜಾತ್ರೆಗಳಲ್ಲಿ ಮಾರಾಟವಾಗುವ ಕುಂಕುಮದ ಮಾದರಿಗಳನ್ನು ಔಷಧ ಪರಿವೀಕ್ಷಕರು ಸಂಗ್ರಹಿಸಿ, ಸೀಸ ಮತ್ತು ನಿಷಿದ್ಧ ಬಣ್ಣಗಳಿಗಾಗಿ ಸರ್ಕಾರಿ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಗ್ರಾಮ ಪಂಚಾಯಿತಿಗಳ ಸೂಚನಾ ಫಲಕದಲ್ಲಿ ಪ್ರಕಟಿಸಬೇಕು.

2. ಜಾತ್ರೆಯ ಆವರಣದಲ್ಲಿ ಆಹಾರ ಸುರಕ್ಷತಾ ನೋಂದಣಿ ಸಂಖ್ಯೆಯುಳ್ಳ ಶುದ್ಧ ಅರಿಶಿನವನ್ನು ಮಾತ್ರ ಭಂಡಾರವಾಗಿ ಮಾರುವಂತೆ, ಜಾತ್ರಾ ಸಮಿತಿಗಳೊಂದಿಗೆ ಸಮಾಲೋಚಿಸಿ ಆದೇಶ ಹೊರಡಿಸಬೇಕು.

3. ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ ಮತ್ತು ಬ್ಯಾಚ್ ಸಂಖ್ಯೆಗಳಿಲ್ಲದ, ಮೈಬಣ್ಣ ತಿಳಿಗೊಳಿಸುವುದಾಗಿ ಹೇಳಿಕೊಳ್ಳುವ ಕ್ರೀಮುಗಳನ್ನು ಜಪ್ತಿ ಮಾಡಬೇಕು. ಇಂಥ ಕ್ರೀಮುಗಳಲ್ಲಿನ ಪಾದರಸದಿಂದ ಮೂತ್ರಪಿಂಡಗಳು ಹಾಳಾದ ಪ್ರಕರಣಗಳು ಕೇರಳದಲ್ಲಿ ವರದಿಯಾಗಿದ್ದು, ಅಲ್ಲಿನ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ಕೈಗೊಂಡ ತಪಾಸಣೆಯನ್ನು ಇಲ್ಲಿಯೂ ಮಾದರಿಯಾಗಿ ಅನುಸರಿಸಬಹುದು.

4. ಕುಂಕುಮ ತಯಾರಿಕೆಯ ಪರವಾನಗಿಗೆ ಪ್ರತ್ಯೇಕ ಕಟ್ಟಡ ಮತ್ತು ಅರ್ಹ ತಾಂತ್ರಿಕ ಸಿಬ್ಬಂದಿ ಅಗತ್ಯವಿದ್ದು, ಅದು ಒಂದೊಂದು ಸ್ವಸಹಾಯ ಸಂಘಕ್ಕೆ ನಿಲುಕದ ಮಾತಾದ್ದರಿಂದ, ಹಲವು ಸಂಘಗಳು ಸೇರಿ ಬಳಸಬಹುದಾದ ಒಂದು ಸಾಮಾನ್ಯ ಸೌಲಭ್ಯ ಕೇಂದ್ರವನ್ನು ಸಂಜೀವಿನಿ ಯೋಜನೆಯ ಮೂಲಕ ಮೂಡಲಗಿ ತಾಲೂಕಿನಲ್ಲಿ ಸ್ಥಾಪಿಸಬೇಕು. ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯ ಮತ್ತು ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರಗಳ ತಾಂತ್ರಿಕ ಮಾರ್ಗದರ್ಶನವನ್ನು ಇದಕ್ಕೆ ಒದಗಿಸಬೇಕು.

5. ಈ ಭಾಗದಲ್ಲಿ ಸ್ಯಾಚೆಗಳನ್ನು ಮಾರುವ ಕಂಪನಿಗಳೊಂದಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮುಖದಲ್ಲಿ ಸಭೆ ನಡೆಸಿ, ಗ್ರಾಮ ಪಂಚಾಯಿತಿಗಳ ಒಣಕಸ ಘಟಕಗಳು ಸಂಗ್ರಹಿಸಿದ ಸ್ಯಾಚೆಗಳನ್ನು ತೂಕದ ಲೆಕ್ಕದಲ್ಲಿ ಹಣ ಕೊಟ್ಟು ಒಯ್ಯುವ ವ್ಯವಸ್ಥೆಗೆ ಅವರನ್ನು ಒಳಪಡಿಸಬೇಕು.

ಮೇಲಿನ ಐದು ಬೇಡಿಕೆಗಳಲ್ಲಿ ಯಾವುದೂ ಹೊಸ ಶಾಸನವನ್ನು ಬಯಸುವುದಿಲ್ಲ. ನಾಲ್ಕನೆಯದಕ್ಕೆ ಅನುದಾನವೂ ಉಳಿದವುಗಳಿಗೆ ಇಲಾಖೆಗಳ ಹೊಂದಾಣಿಕೆಯೂ ಸಾಕು. ಆದ್ದರಿಂದ ಔಷಧ ಆಡಳಿತ, ಆಹಾರ ಸುರಕ್ಷತೆ, ತೋಟಗಾರಿಕೆ, ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ಜಿಲ್ಲಾ ಪಂಚಾಯಿತಿಯ ಅಧಿಕಾರಿಗಳ ಜಂಟಿ ಸಭೆಯನ್ನು 30 ದಿನಗಳೊಳಗೆ ಕರೆದು, ಮನವಿದಾರರ ಪ್ರತಿನಿಧಿಗಳಿಗೂ ಅದರಲ್ಲಿ ಅವಕಾಶ ನೀಡಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸಲಾಗಿದೆ.

ಸ್ಥಳ: ಘಟಪ್ರಭಾ

ಇತಿ,
ಮೂರು ತಾಲೂಕುಗಳ ಮನವಿದಾರರು

ಪ್ರತಿ: ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯಿತಿ, ಬೆಳಗಾವಿ.