ಜೂಜಿಗೆ ಜನಿವಾರ

ಊರಾಚೆ ಹುಣಸೆಮರದ ಬುಡದಲ್ಲಿ ನಾಲ್ಕು ಜನ ಕೂಲಿಯವರು ಟವಲ್ಲು ಹಾಸಿಕೊಂಡು ಅಂದರ್-ಬಾಹರ್ ಆಡಿದರೆ ಪೊಲೀಸರು ಜೀಪು ತರುತ್ತಾರೆ. ಎಲೆ ಜಪ್ತಿ, ಟವಲ್ಲು ಜಪ್ತಿ, ಜೇಬಿನಲ್ಲಿದ್ದ ನೂರಿನ್ನೂರು ರೂಪಾಯಿಯೂ ಜಪ್ತಿ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಂ ಪ್ರಕಾರ ಕೇಸು. ಕೂಲಿ ಬಿಟ್ಟು ಕೋರ್ಟಿಗೆ ಅಲೆದಾಟ. ಅದೇ 52 ಎಲೆಗಳನ್ನು ಗಾಜಿನ ಕಟ್ಟಡದಲ್ಲಿ ಕೂತ ಕಂಪನಿ ಲಕ್ಷಾಂತರ ಜನರ ಫೋನಿಗೆ ಹಂಚುತ್ತಿದ್ದಾಗ ಅದು ಜೂಜು ಅನ್ನಿಸಿಕೊಳ್ಳಲಿಲ್ಲ. ಅದು 'ಕೌಶಲ್ಯದ ಆಟ'. ಅದು ಉದ್ಯಮ. ಅದಕ್ಕೆ ಸಿನಿಮಾ ನಟರು, ಕ್ರಿಕೆಟ್ ಆಟಗಾರರು ಜಾಹೀರಾತು ಕೊಟ್ಟರು. ಅಂದರ್-ಬಾಹರ್ ಆಡಿದವನು ಅಂದರ್, ಪೋಕರ್ ಆಡಿಸಿದವನು ಬಾಹರ್!

ಯಾಕೆ ಹೀಗೆ? ಒಂದು ಜೂಜಿಗೆ ಉಪನಯನ ಆಗಿದೆ, ಇನ್ನೊಂದಕ್ಕೆ ಆಗಿಲ್ಲ. ಅಷ್ಟೇ ವ್ಯತ್ಯಾಸ.

ಈ ಉಪನಯನ ಒಂದೇ ದಿನದಲ್ಲಿ ಮುಗಿದದ್ದಲ್ಲ. 1957ರ ಚಮರ್‌ಬಾಗ್‌ವಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜೂಜು ವ್ಯಾಪಾರವೇ ಅಲ್ಲ, ಅದಕ್ಕೆ ಸಂವಿಧಾನದ ರಕ್ಷಣೆ ಇಲ್ಲ ಎಂದಿತು. ಕೌಶಲ್ಯದ ಸ್ಪರ್ಧೆ ಮಾತ್ರ ಬೇರೆ ಎಂದಿತು. 1967ರಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿನ ಕೇಸಿನಲ್ಲಿ, ರಮ್ಮಿಗೆ ಹೆಚ್ಚಾಗಿ ಬೇಕಾದದ್ದು ಬುದ್ಧಿ ಎಂದಿತು. ಕಂಪನಿಗಳ ವಕೀಲರು ಪಠಿಸುವ ಮಂತ್ರ ಇದೇ. ಆದರೆ ಅರ್ಧ ಮಂತ್ರ. ಅದೇ ತೀರ್ಪಿನ ಇನ್ನರ್ಧ ಏನು ಹೇಳುತ್ತದೆ? ಪಣ ಇಟ್ಟು ಆಡುವ ಆಟದಿಂದ ಮನೆಯ ಅಥವಾ ಕ್ಲಬ್ಬಿನ ಯಜಮಾನ ಲಾಭ ಮಾಡಿಕೊಳ್ಳುತ್ತಿದ್ದರೆ ಅದು ಅಪರಾಧವಾದೀತು ಅನ್ನುತ್ತದೆ. ಪ್ರತಿ ಆಟದ ಪಣದಲ್ಲೂ ತನ್ನ ಪಾಲು ಮುರಿದುಕೊಳ್ಳುವ ಪೋಕರ್ ಕಂಪನಿ ಮತ್ತೇನು ಮಾಡುತ್ತದೆ ಸ್ವಾಮಿ? ಧರ್ಮಛತ್ರ ನಡೆಸುತ್ತದೆಯೇ?

2013ರಲ್ಲಿ ನಮ್ಮ ಹೈಕೋರ್ಟು, ಕೌಶಲ್ಯದ ಆಟವಾಗಿ ಆಡುವ ಪೋಕರಿಗೆ ಲೈಸೆನ್ಸು ಬೇಕಿಲ್ಲ ಎಂದಿತು. 2017ರಲ್ಲಿ ಗುಜರಾತ್ ಹೈಕೋರ್ಟು ಅದೇ ಪೋಕರನ್ನು ಜೂಜು ಎಂದಿತು. ಗಡಿ ದಾಟಿದರೆ ಜಾತಿ ಬದಲಾಗುವ ಆಟ! 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕಂಪನಿಗಳು ಹೈಕೋರ್ಟಿಗೆ ಹೋದವು. 2022ರ ಫೆಬ್ರವರಿ 14ರಂದು ಆ ತಿದ್ದುಪಡಿಯ ಮುಖ್ಯ ಭಾಗಗಳು ಬಿದ್ದುಹೋದವು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಕೌಶಲ್ಯವೋ ಅದೃಷ್ಟವೋ ಎಂಬ ಚರ್ಚೆಯನ್ನೇ ಬದಿಗಿಟ್ಟು, ಹಣದ ಆಟ ಯಾವುದಾದರೂ ಸರಿ ಆನ್‌ಲೈನಿನಲ್ಲಿ ಬೇಡ ಎಂದು ಕಾಯ್ದೆ ಮಾಡಿತು. ಆಡಿಸಿದವನಿಗೆ 3 ವರ್ಷದವರೆಗೆ ಜೈಲು, 1 ಕೋಟಿಯವರೆಗೆ ದಂಡ. ಆಡಿದವನಿಗೆ ಶಿಕ್ಷೆ ಇಲ್ಲ. ವರ್ಷಕ್ಕೆ 45 ಕೋಟಿ ಜನ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಅನ್ನೋದು ಆಗ ಸರ್ಕಾರವೇ ಕೊಟ್ಟ ಅಂದಾಜು.

ಅಲ್ಲಿಂದ ಹೊಸ ರಾಗ ಶುರುವಾಯಿತು. ಸಂವಿಧಾನದ ರಾಜ್ಯಪಟ್ಟಿಯ 34ನೇ ನಮೂದಿನಲ್ಲಿ ಪಂದ್ಯ ಮತ್ತು ಜೂಜು ಇದೆ, ಇದು ರಾಜ್ಯಗಳ ವಿಷಯ, ರಾಜ್ಯಗಳು ಲೈಸೆನ್ಸು ಕೊಡಲಿ ಅನ್ನುವ ರಾಗ. ನಾಗಾಲ್ಯಾಂಡ್ ತನ್ನ 2015ರ ಕಾಯ್ದೆಯಲ್ಲಿ ಪೋಕರನ್ನು ಕೌಶಲ್ಯದ ಆಟಗಳ ಪಟ್ಟಿಗೆ ಸೇರಿಸಿ ಲೈಸೆನ್ಸಿನ ದಾರಿ ತೋರಿಸಿತ್ತಲ್ಲ, ಅದೇ ದಾರಿ ಎಲ್ಲ ಕಡೆ ಬೇಕಂತೆ. ತಮಾಷೆ ನೋಡಿ. ರಾಜ್ಯ ಕಾಯ್ದೆ ಮಾಡಿದಾಗ 'ಇದು ಜೂಜಲ್ಲ, ನಿನಗೆ ಅಧಿಕಾರವಿಲ್ಲ' ಎಂದರು. ಕೇಂದ್ರ ಕಾಯ್ದೆ ಮಾಡಿದಾಗ 'ಇದು ರಾಜ್ಯದ ವಿಷಯ, ನಿನಗೆ ಅಧಿಕಾರವಿಲ್ಲ' ಅನ್ನುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿಸುವ ಜಾಣರು ಇವರು. ರಾಜ್ಯದ ಹಕ್ಕು ನಮಗೂ ಬೇಕು. ಆದರೆ ರಾಜ್ಯದ ಹಕ್ಕು ಎಂದರೆ ಕಂಪನಿಯ ಹಕ್ಕು ಎಂದು ಯಾವ ಸಂವಿಧಾನದಲ್ಲಿ ಬರೆದಿದೆ?

ಬಾಬಾಸಾಹೇಬರು ಇದಕ್ಕೆ 1949ರಲ್ಲೇ ಉತ್ತರ ಕೊಟ್ಟಿದ್ದಾರೆ. ಸಂವಿಧಾನದ ಪಟ್ಟಿಯಲ್ಲಿ ಜೂಜು ಎಂಬ ಮಾತೇ ಬೇಡ, ಅದು ಜೂಜಿಗೆ ಒಪ್ಪಿಗೆ ಕೊಟ್ಟಂತಾಗುತ್ತದೆ ಎಂದು ಸಂವಿಧಾನ ಸಭೆಯಲ್ಲಿ ಕೆಲವರು ತಕರಾರು ತೆಗೆದರು. ಅದನ್ನು ಬಿಟ್ಟರೆ ಜೂಜನ್ನು ಹಿಡಿತದಲ್ಲಿಡುವ ಶಕ್ತಿಯೇ ಪ್ರಾಂತ್ಯಗಳಿಗೆ ಇರುವುದಿಲ್ಲ, ಈ ನಮೂದಿನಿಂದ ಅನುಮತಿಯನ್ನೂ ಕೊಡಬಹುದು, ನಿಷೇಧವನ್ನೂ ಮಾಡಬಹುದು ಎಂದು ಅಂಬೇಡ್ಕರ್ ವಿವರಿಸಿದರು. ತಿಳೀತಲ್ಲ? 34ನೇ ನಮೂದು ಜೂಜಿಗೆ ಹಾಕುವ ಮೂಗುದಾರ. ಅದನ್ನೇ ಜೂಜುಕೋರನ ಕೊರಳಿಗೆ ಹೂವಿನ ಹಾರ ಮಾಡಲು ಹೊರಟಿದ್ದಾರೆ.

ಇನ್ನು ಕೌಶಲ್ಯದ ಮಾತು. ಅಂದರ್-ಬಾಹರ್ ಬರೀ ಅದೃಷ್ಟ, ಪೋಕರಿಗೆ ತಲೆ ಬೇಕು ಅನ್ನುತ್ತಾರೆ. ಒಪ್ಪಿಕೊಳ್ಳೋಣ. ತಲೆ ಬೇಕು. ಹಾಗಾದರೆ ತಲೆ ಇದ್ದವನು ಯಾರಿಂದ ಗೆಲ್ಲುತ್ತಾನೆ? ಆಟ ಬಾರದವನಿಂದ. ಆಟ ಬಾರದವನಿಗೆ ಪೋಕರ್ ಆಡುವವರು ಇಟ್ಟಿರುವ ಹೆಸರೇ 'ಮೀನು'. ಅದೃಷ್ಟದ ಆಟದಲ್ಲಿ ಬಡವನಿಗೂ ಧಣಿಗೂ ಬೀಳುವ ಎಲೆ ಒಂದೇ. ಕೌಶಲ್ಯದ ಆಟದಲ್ಲಿ ದಿನವಿಡೀ ಅದೇ ಕಸುಬು ಮಾಡಿಕೊಂಡವನ ಎದುರಿಗೆ, ಸಂಬಳ ಬಂದ ರಾತ್ರಿ ಫೋನು ಹಿಡಿದ ಗಾರ್ಮೆಂಟ್ಸ್ ಹುಡುಗ ಕೂರುತ್ತಾನೆ. ಆಟ ಹೆಚ್ಚು ಕೌಶಲ್ಯದ್ದಾದಷ್ಟೂ ಅವನ ಸೋಲು ಹೆಚ್ಚು ಗಟ್ಟಿ. ಕೌಶಲ್ಯ ಅನ್ನೋದು ಈ ಆಟದ ಸಮರ್ಥನೆ ಅಲ್ಲ, ಅದರ ಮೇಲಿನ ಆರೋಪಪಟ್ಟಿ.

ಗೆದ್ದವನಾದರೂ ಉಳಿಯುತ್ತಾನೆಯೇ? ಶಾಲೆಯ ಮೇಷ್ಟ್ರುಗಳೇ, ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯಿರಿ. ಆರು ಜನ, ತಲಾ 1000 ರೂಪಾಯಿ, ಒಟ್ಟು 6000. ಪಣಕ್ಕೆ ಬಿದ್ದ ಹಣದಲ್ಲಿ ಕಂಪನಿಯ ಪಾಲು ಶೇ. 5 ಎಂದಿಟ್ಟುಕೊಳ್ಳಿ. ಒಂದು ಆಟದಲ್ಲಿ ನಡುವೆ ಬೀಳುವ ಹಣ 1000 ಆದರೆ ಕಂಪನಿಗೆ 50. ಅಂಥ 40 ಆಟ ಆದರೆ 2000. ಫೋನಿನಲ್ಲಿ 40 ಆಟಕ್ಕೆ ಒಂದು ಗಂಟೆಯೂ ಬೇಡ. ಯಾರು ಗೆದ್ದರೋ ಯಾರು ಸೋತರೋ, ಆರು ಜನರ ಹಣದಲ್ಲಿ ಮೂರರಲ್ಲಿ ಒಂದು ಪಾಲು ಆಗಲೇ ಮಾಯ. ಎಂದೂ ಸೋಲದ ಏಳನೆಯವನೊಬ್ಬ ಆ ಮೇಜಿನಲ್ಲಿದ್ದಾನೆ. ಅವನು ಒಂದು ಎಲೆಯನ್ನೂ ಮುಟ್ಟುವುದಿಲ್ಲ. ಇದು ನಮಗೆ ಗೊತ್ತಿಲ್ಲದ ಲೆಕ್ಕವೇ? ಉತ್ತವನಿಗೆ ಒಂದು ಪಾಲು, ಗದ್ದೆಗೇ ಇಳಿಯದ ಧಣಿಗೆ ಎರಡು ಪಾಲು ಅಂತ ನಮ್ಮ ಅಪ್ಪ ತಾತಂದಿರು ಅಳೆದುಕೊಟ್ಟ ಗೇಣಿಯ ಲೆಕ್ಕವೇ ಇದು.

ಕೌಶಲ್ಯ ಎಂಬ ಈ ಪದವಿಯನ್ನು ಯಾರಿಗೆ ಕೊಡುತ್ತಾರೆ, ಯಾರಿಗೆ ಕೊಡುವುದಿಲ್ಲ ಅನ್ನೋದನ್ನೂ ನೋಡಬೇಕು. ಕೆರೆಯ ಹೂಳೆತ್ತುವವರ, ಬದು ಕಟ್ಟುವವರ ದುಡಿಮೆಗೆ 2005ರ ಉದ್ಯೋಗ ಖಾತರಿ ಕಾಯ್ದೆ ಇಟ್ಟ ಹೆಸರು 'ಅಕುಶಲ ದೈಹಿಕ ಕೆಲಸ'. ನೀರು ಯಾವ ಕಡೆ ನುಗ್ಗುತ್ತದೆ, ಬದು ಎಲ್ಲಿ ಒಡೆಯುತ್ತದೆ ಎಂದು ಕಣ್ಣಳತೆಯಲ್ಲಿ ಹೇಳುವ ನಮ್ಮವ್ವ ಅಕುಶಲಿ. ಸತ್ತ ದನದ ಚರ್ಮ ಹದ ಮಾಡಿ ಊರಿಗೆಲ್ಲ ಮೆಟ್ಟು ಹೊಲಿದುಕೊಟ್ಟವನದು ಕೀಳು ಕಸುಬು. ತಮಟೆಯ ಹದ ಬೆಂಕಿಗೆ ಹಿಡಿದು ನೋಡುವವನದು ಚಾಕರಿ. ಎದುರಿನವನ ಜೇಬು ಖಾಲಿ ಮಾಡುವ ಆಟಕ್ಕೆ ಮಾತ್ರ ಕೌಶಲ್ಯ ಎಂಬ ಬಿರುದು, ಅದರ ಮೇಲೆ ಸಂವಿಧಾನದ 19ನೇ ವಿಧಿಯ ವೃತ್ತಿ ಸ್ವಾತಂತ್ರ್ಯದ ಕೊಡೆ! ಅನ್ನ ಬೆಳೆಯುವುದು ಅಕುಶಲ, ಅನ್ನ ಕಸಿಯುವುದು ಕುಶಲ. ಮನು ಬರೆದ ಪಟ್ಟಿಯೂ ಹೀಗೇ ಇತ್ತು.

ಖಜಾನೆಗೆ ತೆರಿಗೆ ಬರುತ್ತದೆ, ಬಿಡಿ ಅನ್ನುವವರಿದ್ದಾರೆ. 2023ರ ಅಕ್ಟೋಬರಿನಿಂದ ಆಟಕ್ಕೆ ಕಟ್ಟುವ ಪೂರ್ತಿ ಹಣದ ಮೇಲೆ ಶೇ. 28 ಜಿಎಸ್‌ಟಿ ಹಾಕಿದ್ದರು ನಿಜ. ಅಂದರೆ ಸರ್ಕಾರವೇ ಆ ಮೇಜಿನ ಎಂಟನೆಯವನು. ಸಾರಾಯಿ ಗುತ್ತಿಗೆಯಿಂದಲೂ ಖಜಾನೆ ತುಂಬಿತ್ತು, ಲಾಟರಿಯಿಂದಲೂ ತುಂಬಿತ್ತು. ನಮ್ಮ ಕೇರಿಗಳು ತುಂಬಲಿಲ್ಲ. 2007ರಲ್ಲಿ ಎರಡನ್ನೂ ನಿಲ್ಲಿಸಿದರು. ಸರ್ಕಾರ ಮುಳುಗಿತೇ?

ನಿಷೇಧ ಮಾಡಿದರೆ ಕಳ್ಳದಾರಿಯಲ್ಲಿ ವಿದೇಶಿ ಕಂಪನಿಗಳು ಬರುತ್ತವೆ ಅನ್ನುವ ಮಾತಿನಲ್ಲಿ ಸತ್ಯ ಇದೆ. ಸಾರಾಯಿ ಹೋದ ಜಾಗಕ್ಕೆ ಅಗ್ಗದ ಬ್ರಾಂದಿ ಬಂದದ್ದನ್ನು ಕಂಡವರು ನಾವು. ಆದ್ದರಿಂದ ಬರೀ ಕಾಯ್ದೆ ಸಾಲದು. ಆದರೆ ಕಳ್ಳ ಹಿತ್ತಲಿನಿಂದ ಬರುತ್ತಾನೆ ಅಂತ ಮುಂಬಾಗಿಲಿಗೆ ತೋರಣ ಕಟ್ಟಿ ಕರೆಯುವುದು ಯಾವ ನ್ಯಾಯ?

ಆಡುವವನ ಸ್ವಾತಂತ್ರ್ಯ ಅನ್ನುವವರು ಆಡದವಳನ್ನು ಒಮ್ಮೆ ನೋಡಲಿ. ಶಕುನಿಗೂ ಕೌಶಲ್ಯ ಇತ್ತು. ಸಭೆಗೆ ಎಳೆದು ತಂದದ್ದು ದಾಳವನ್ನೇ ಮುಟ್ಟದ ಹೆಂಗಸನ್ನು. ಇವತ್ತೂ ಮೊದಲು ಪಣಕ್ಕೆ ಬೀಳುವುದು ಅವಳ ಕಿವಿಯ ಓಲೆ, ಆಮೇಲೆ ಅವಳ ಹೆಸರಿನಲ್ಲಿ ಎತ್ತಿದ ಸಂಘದ ಸಾಲ. ಗಂಡಸು ಸೋತ ಹಣಕ್ಕೆ ವಾರದ ಕಂತು ಕಟ್ಟಲು ಕೂಲಿಗೆ ಹೋಗುವವಳು ಅವಳು. ಅವಳ ಸ್ವಾತಂತ್ರ್ಯಕ್ಕೆ ಯಾವ ವಕೀಲ ವಾದ ಮಾಡಿದ?

ಗೆಳೆಯರೇ, ನಮ್ಮ ಬೇಡಿಕೆ ನೇರವಾಗಿರಲಿ. ಒಂದು, ಹಣ ಕಟ್ಟಿ ಆಡಿಸುವ ಪೋಕರಿಗೆ ಕರ್ನಾಟಕದಲ್ಲಿ ಲೈಸೆನ್ಸು ಕೂಡದು, ಅದಕ್ಕೆ ಯಾವ ಹೆಸರಿಟ್ಟು ತಂದರೂ ಸರಿ. ಎರಡು, ಶಿಕ್ಷೆ ಆಡಿಸುವವನಿಗೆ, ಅವನ ಹಣ ಸಾಗಿಸುವವನಿಗೆ. ಫೋನಿನಲ್ಲಿ ಆಡಿ ಸೋತವನನ್ನು ಅಪರಾಧಿ ಎನ್ನದ ನ್ಯಾಯ ಹುಣಸೆಮರದ ಕೆಳಗಿನ ಕೂಲಿಯವನಿಗೂ ಸಿಗಲಿ. 87ನೇ ಕಲಮಿನ ಲಾಠಿ ಅವನೊಬ್ಬನ ಬೆನ್ನಿಗೇ ಯಾಕೆ? ಮೂರು, ಸೋತವನ ಸಾಲಕ್ಕೆ ಅವನ ಹೆಂಡತಿಯನ್ನು ಹಿಡಿಯುವ ವಸೂಲಿ ನಿಲ್ಲಲಿ.

ಗ್ರಾಮಸಭೆಗಳಲ್ಲಿ ಠರಾವು ಮಾಡಿ. ಹಾಸ್ಟೆಲುಗಳಲ್ಲಿ ಮಾತಾಡಿ. ಓಟು ಕೇಳಲು ಬಂದವರನ್ನು ನಿಲ್ಲಿಸಿ ಕೇಳಿ: ನೀವು ಆರು ಜನರ ಕಡೆಯೋ, ಏಳನೆಯವನ ಕಡೆಯೋ?