ಹಿಮಕ್ಕೆ ಗ್ಯಾರಂಟಿ ಕೊಡುವವರು ಯಾರು?

ನವರಾತ್ರಿ, ರಾಜ್ಯೋತ್ಸವಗಳ ಗಡಿಬಿಡಿ ಮುಗಿದೊಡನೆ ಮುಂಬಯಿ, ಪುಣೆಯ ಕನ್ನಡ ಸಂಘ-ಸಂಸ್ಥೆಗಳಲ್ಲಿ ಪ್ರವಾಸದ ಮಾತು ಆರಂಭವಾಗುವುದು ವಾಡಿಕೆ. ತೀರ್ಥಕ್ಷೇತ್ರಗಳ ಜೊತೆಗೆ ಕಾಶ್ಮೀರದ ಗುಲ್ಮಾರ್ಗ್ ಕೂಡಾ ಈ ಪಟ್ಟಿಯಲ್ಲಿ ಸೇರಿಕೊಂಡರೆ ಆಶ್ಚರ್ಯವಿಲ್ಲ. ಮಕ್ಕಳ ಕ್ರಿಸ್ಮಸ್ ರಜೆಗೆ ಹೊಂದುವಂತೆ ಡಿಸೆಂಬರ್ ಕೊನೆಯ ವಾರದ ದಿನ ಗೊತ್ತುಪಡಿಸಿ, ಹಿಮದಲ್ಲಿ ಆಡಿಸುವ ಭರವಸೆಯೊಂದಿಗೆ ಸುತ್ತೋಲೆ ಹೊರಡುತ್ತದೆ. ನಿವೃತ್ತರು ಉಳಿತಾಯದ ಹಣ ಕಟ್ಟುತ್ತಾರೆ. ಆದರೆ ಸಂಘದ ಸುತ್ತೋಲೆಯನ್ನು ಆಕಾಶ ಓದುವುದಿಲ್ಲ.

2024ರ ಜನವರಿಯನ್ನು ನೆನಪಿಸಿಕೊಂಡರೆ ಸಾಕು. ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದ ಗುಲ್ಮಾರ್ಗ್‌ನ ಬಯಲು ಆ ತಿಂಗಳ ಕೊನೆಯ ವಾರದವರೆಗೂ ಒಣಹುಲ್ಲಿನ ಬಣ್ಣದಲ್ಲೇ ಇತ್ತು. ಫೆಬ್ರವರಿ ಆರಂಭದಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಆ ವರ್ಷ 21ರಿಂದ 25ರವರೆಗೆ ನಡೆಯಿತು. 2025ರಲ್ಲಿ ಫೆಬ್ರವರಿ 22ಕ್ಕೆ ನಿಗದಿಯಾಗಿದ್ದ ಕೂಟ ಹಿಮದ ಕೊರತೆಯಿಂದ ಮುಂದಕ್ಕೆ ಹೋಗಿ ಮಾರ್ಚ್ 9ರಂದು ಆರಂಭವಾಯಿತು. ಸರಕಾರದ ಕ್ರೀಡಾಕೂಟಕ್ಕೇ ಹೇಳಿದ ದಿನ ಬಾರದ ಹಿಮ, ಸಂಘದ ಪ್ರವಾಸಕ್ಕೆ ಬಂದೀತೆಂದು ಬರೆದುಕೊಡುವವರು ಯಾರು?

ಕರಾವಳಿಯವರಿಗೆ ಗೊತ್ತಿರುವ ಮುಂಗಾರಿನ ಲೆಕ್ಕ ಇಲ್ಲಿ ನಡೆಯದು. ಜೂನ್‌ನಲ್ಲಿ ಒಮ್ಮೆ ಹಿಡಿದ ಮಳೆ ತಿಂಗಳುಗಟ್ಟಲೆ ಜೊತೆಗಿರುತ್ತದೆ. ಕಾಶ್ಮೀರದ ಹಿಮವಾದರೋ ಬಿಡಿ ಬಿಡಿಯಾಗಿ ಬರುವ ಅತಿಥಿ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಇರಾನ್, ಅಫ್ಘಾನಿಸ್ತಾನ ದಾಟಿ ಬರುವ, ಹವಾಮಾನ ತಜ್ಞರು ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ ಎಂದು ಕರೆಯುವ ಮಾರುತಗಳು ಹಿಮಾಲಯಕ್ಕೆ ತಾಗಿದಾಗ ಮಾತ್ರ ಅದು ಬೀಳುತ್ತದೆ. ಒಂದು ಮಾರುತ ದುರ್ಬಲವಾದರೆ ಅಥವಾ ಉತ್ತರಕ್ಕೆ ಸರಿದುಹೋದರೆ ವಾರಗಟ್ಟಲೆ ಬರೀ ಬಿಸಿಲು. ಚಳಿ ಸಾಲದಿದ್ದರೆ ತಪ್ಪಲಿನಲ್ಲಿ ಬೀಳುವುದು ಹಿಮವಲ್ಲ, ಮಳೆ.

ಹವಾಮಾನ ಮುನ್ಸೂಚನೆಯನ್ನು ಓದುವುದರಲ್ಲೂ ಎಡವಟ್ಟಾಗುತ್ತದೆ. ಈ ಚಳಿಗಾಲದಲ್ಲಿ ಮಳೆ-ಹಿಮ ವಾಡಿಕೆಗಿಂತ ಹೆಚ್ಚೋ ಕಡಿಮೆಯೋ ಎಂದು ಹವಾಮಾನ ಇಲಾಖೆ ಹೇಳುವುದು ಇಡೀ ಋತುವಿನ ಸಂಭವನೀಯತೆ ಮಾತ್ರ. ಅದರಿಂದ ಡಿಸೆಂಬರ್ 27ರಂದು ಹಿಮ ಬೀಳುವುದೇ ಎಂದು ತಿಳಿಯದು. ದಿನದ ಮಟ್ಟಿಗೆ ನಂಬಬಹುದಾದ ಮುನ್ಸೂಚನೆ ದೊರೆಯುವುದು ಐದಾರು ದಿನ ಮೊದಲು. ಅಷ್ಟರಲ್ಲಿ ವಿಮಾನದ ಟಿಕೆಟು, ಹೋಟೆಲಿನ ಮುಂಗಡ ಎಲ್ಲವೂ ಆಗಿರುತ್ತದೆ.

ಕಾಶ್ಮೀರಿಗಳ ಪಂಚಾಂಗ ಇಲ್ಲಿ ನೆರವಿಗೆ ಬರುತ್ತದೆ. ಡಿಸೆಂಬರ್ 21ರಿಂದ 40 ದಿನ ಕಡುಚಳಿಯ ಚಿಲ್ಲಾ-ಇ-ಕಲಾನ್, ಬಳಿಕ 20 ದಿನ ಚಿಲ್ಲಾ-ಇ-ಖುರ್ದ್, ಕೊನೆಗೆ 10 ದಿನ ಚಿಲ್ಲಾ-ಇ-ಬಚ್ಚಾ. ಡಿಸೆಂಬರ್ ಕೊನೆಯೆಂದರೆ ಕಡುಚಳಿಯ ಆರಂಭವಷ್ಟೇ. ಹಿಮ ಪದರ ಪದರವಾಗಿ ಕೂಡಿ ಸ್ಕೀಯಿಂಗ್‌ಗೆ ಯೋಗ್ಯವಾಗಲು ಸಮಯ ಬೇಕು. ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಹೋದವರಿಗೆ ಅವಕಾಶ ಹೆಚ್ಚು.

ಆಗ ಮಕ್ಕಳಿಗೆ ರಜೆಯಿಲ್ಲ ಎಂಬ ಪದಾಧಿಕಾರಿಗಳ ಮಾತು ಸುಳ್ಳಲ್ಲ. ಡಿಸೆಂಬರಿನಲ್ಲೇ ಹೋಗಲಿ, ಆದರೆ ಇದ್ದದ್ದನ್ನು ಹೇಳಿ ಕರೆದೊಯ್ಯಲಿ. ಬಯಲಿನಲ್ಲಿ ಹಿಮವಿಲ್ಲದಿದ್ದರೂ ಗೊಂಡೋಲಾದ ಎರಡನೇ ಹಂತ ತಲುಪುವ, 3,900 ಮೀಟರ್‌ಗಿಂತ ಎತ್ತರದ ಅಫರ್ವತ್‌ನಲ್ಲಿ ಸಿಗುವ ಸಾಧ್ಯತೆಯಿದೆ. ಆದರೆ ಆ ಎತ್ತರ ಹೃದ್ರೋಗ, ಉಬ್ಬಸವಿರುವ ಹಿರಿಯರಿಗೆ ಹೇಳಿಸಿದ್ದಲ್ಲ ಎಂಬುದೂ ಸುತ್ತೋಲೆಯಲ್ಲಿರಬೇಕು.

ಹಿಮ ಬಾರದ ನಿರಾಸೆಗಿಂತ ಒಮ್ಮೆಲೇ ಬಂದ ಹಿಮ ಅಪಾಯಕಾರಿ. 2024ರಲ್ಲಿ ಬಹಳ ಕಾಯಿಸಿ ಸುರಿದ ಹಿಮ ಫೆಬ್ರವರಿ 22ರಂದು, ಕ್ರೀಡಾಕೂಟ ನಡೆಯುತ್ತಿದ್ದಾಗಲೇ, ಮೇಲಿನ ಇಳಿಜಾರಿನಲ್ಲಿ ಕುಸಿದು ರಷ್ಯಾದ ಸ್ಕೀಪಟುವೊಬ್ಬರನ್ನು ಬಲಿ ಪಡೆಯಿತು. 2023ರ ಫೆಬ್ರವರಿ 1ರಂದು ಅಫರ್ವತ್‌ನಲ್ಲಿ ಪೋಲೆಂಡಿನ ಇಬ್ಬರು ಸತ್ತರು. ಹಿಮಕುಸಿತದ ಕ್ರೌರ್ಯ ಕನ್ನಡಿಗರಿಗೆ ಹೊಸತಲ್ಲ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಹೂತುಹೋಗಿ ಜೀವಂತ ಸಿಕ್ಕರೂ ಉಳಿಯದ ಧಾರವಾಡ ಜಿಲ್ಲೆ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರನ್ನು ಮರೆತವರುಂಟೇ? ಎಚ್ಚರಿಕೆ ಬಂದಾಗ ಗೊಂಡೋಲಾ ನಿಲ್ಲಿಸಿದರೆ, ಹಣ ಕೊಟ್ಟಿದ್ದೇವೆ ಎಂದು ಅಲ್ಲಿನ ಸಿಬ್ಬಂದಿಯ ಮೇಲೆ ಹರಿಹಾಯುವುದು ತರವಲ್ಲ.

ಹಿಮ ಕೈಕೊಟ್ಟರೆ ಪ್ರವಾಸಿಗನ ನಷ್ಟ ಒಂದು ರಜೆ. ಸ್ಲೆಡ್ಜ್ ಎಳೆಯುವವನ, ಸ್ಕೀ ಕಲಿಸುವವನ, ಬೂಟು ಬಾಡಿಗೆಗೆ ಕೊಡುವವನ ನಷ್ಟ ಇಡೀ ವರ್ಷದ ಅನ್ನ. ಬೇಸಗೆಯಲ್ಲಿ ಹೊಲಕ್ಕೆ, ಸೇಬಿನ ತೋಟಕ್ಕೆ ನೀರಾಗಿ ಇಳಿಯುವುದೂ ಅದೇ ಹಿಮ. ಹೋಟೆಲ್ ಉದ್ಯಮದಲ್ಲಿ ಮಳೆಗಾಲದ ಮಂದಿ ಕಂಡ ಮುಂಬಯಿ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದುದರಿಂದ ಸಂಘಗಳ ಕಾರ್ಯಕಾರಿ ಸಮಿತಿಗಳು ಮುಂದಿನ ಸುತ್ತೋಲೆಯಲ್ಲಿ ಹಿಮ ಖಚಿತವಲ್ಲವೆಂಬ ಒಂದು ಸಾಲು ಸೇರಿಸಲಿ. ರದ್ದಾದರೆ ಎಷ್ಟು ಹಣ ವಾಪಸು ಎಂಬುದನ್ನು ಮೊದಲೇ ಲಿಖಿತವಾಗಿ ತಿಳಿಸಲಿ. ಹೊರಡುವ ವಾರ ಶ್ರೀನಗರದ ಹವಾಮಾನ ಕೇಂದ್ರದ ಮುನ್ಸೂಚನೆಯನ್ನು ಸದಸ್ಯರಿಗೆ ತಲುಪಿಸಲಿ. ಇದರಿಂದ ನಾಲ್ಕು ಹೆಸರು ಕಡಿಮೆಯಾಗಬಹುದು. ಆದರೆ ಹೋದವರು ಸಂಘವನ್ನು ದೂರುತ್ತಾ ಮರಳಲಾರರು.