ನೇರಳೆ ದೀಪವೇ ಬೇಕಿಲ್ಲ

‘ಮಳೆಗಾಲದಲ್ಲಿ ಮನೆಯೊಳಗಿನ ಗಿಡ ಉಳಿಯಬೇಕಾದರೆ ನೇರಳೆ ಬಣ್ಣದ ಗ್ರೋ ಲೈಟ್ ಒಂದೇ ದಾರಿ’ ಎಂಬ ಕಳೆದ ಸಂಚಿಕೆಯ ಲೇಖನ ಸಾಗರ, ಹೊಸನಗರ, ತೀರ್ಥಹಳ್ಳಿಯ ಗಿಡಪ್ರಿಯರನ್ನು ವೃಥಾ ಖರ್ಚಿಗೆ ತಳ್ಳುತ್ತದೆ.

ತೊಂದರೆ ನಿಜ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲೇ. ಆಷಾಢದ ಮೋಡಕ್ಕೆ ತಗ್ಗು ಮಾಡೂ ಸೇರಿದರೆ ನಮ್ಮ ಜಗಲಿಗಳಲ್ಲಿ ಹಗಲೇ ಕತ್ತಲೆ. ಆದರೆ ಲೇಖಕರು ಸೂಚಿಸಿದ ಪರಿಹಾರ ಸರಿಯಿಲ್ಲ.

ಎಲೆ ಕೆಂಪು, ನೀಲಿ ಬೆಳಕನ್ನು ಹೆಚ್ಚು ಹೀರುತ್ತದೆ, ಒಪ್ಪೋಣ. ಹಸಿರು ಬೆಳಕು ದಂಡ ಎಂಬುದನ್ನು ಮಾತ್ರ ಒಪ್ಪಲಾಗದು. ಹಸಿರು ಬೆಳಕಿನಲ್ಲೂ ದ್ಯುತಿಸಂಶ್ಲೇಷಣೆ ನಡೆಯುತ್ತದೆಂದು ವಿಜ್ಞಾನಿ ಮೆಕ್‌ಕ್ರೀ ಹಲವು ಬೆಳೆಗಳ ಎಲೆಗಳನ್ನು ಅಳೆದು 1972ರಲ್ಲೇ ತೋರಿಸಿದ್ದರು. ಸಾಧಾರಣ ಬಿಳಿ ಎಲ್‌ಇಡಿಯಲ್ಲಿ ಈ ಮೂರೂ ಬಣ್ಣಗಳಿವೆ. ಅದರಡಿ ಎಲೆಯ ಹಳದಿ, ಶಿಲೀಂಧ್ರದ ಚುಕ್ಕೆ ತಕ್ಷಣ ಕಣ್ಣಿಗೆ ಬೀಳುತ್ತವೆ. ನೇರಳೆ ಬೆಳಕಿನಲ್ಲಿ ಅವು ಮರೆಯಾಗುತ್ತವೆ. ತೇವಕ್ಕೆ ಎಲ್ಲವೂ ಕೊಳೆಯುವ ಮಲೆನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಹಳೆಯ ಬುರುಡೆ ಬಲ್ಬಂತೂ ಬೇಡವೇ ಬೇಡ. ಅದರ ವಿದ್ಯುತ್ತಿನ ಬಹುಪಾಲು ಶಾಖವಾಗಿ ಹೋಗುತ್ತದೆ. ದಿನಕ್ಕೆ 12 ಗಂಟೆ ಉರಿಸಿದರೆ 100 ವ್ಯಾಟಿನ ಬಲ್ಬಿಗೆ ತಿಂಗಳಿಗೆ 36 ಯೂನಿಟ್ ಬೇಕು, 20 ವ್ಯಾಟಿನ ಎಲ್‌ಇಡಿ ಟ್ಯೂಬಿಗೆ ಏಳು ಚಿಲ್ಲರೆ ಸಾಕು. ಸಿಎಫ್‌ಎಲ್ ಕೆಲಸಕ್ಕೆ ಬರುತ್ತದೆ, ಆದರೆ ಒಡೆದರೆ ಪಾದರಸದ ಕಾಟ.

ದೀಪದ ಬಣ್ಣಕ್ಕಿಂತ ದೂರ ಮುಖ್ಯ. ಬಿಳಿ ಟ್ಯೂಬನ್ನು ಗಿಡದಿಂದ ಒಂದಡಿ ಮೇಲೆ ಕಟ್ಟಿ, ರಾತ್ರಿ ಆರಿಸಿ, ನೀರು ಕಡಿಮೆ ಮಾಡಿ. ಉಳಿದ ಹಣದಲ್ಲಿ ಇನ್ನೆರಡು ಗಿಡ ತನ್ನಿ.